ಓದುಗರ ಪ್ರಶ್ನೆ, ತಜ್ಞರ ಉತ್ತರ: ಫ್ಲೋ ಕಂಟ್ರೋಲರಿನ ಬ್ಯಾಕಪ್ಪು, ಗಡಿಯಾರ

ಪೈಪಿನಲ್ಲಿ ಹರಿಯುವ ಅನಿಲವನ್ನೋ ದ್ರವವನ್ನೋ ಅಳೆದು, ವಾಲ್ವನ್ನು ಬೇಕಾದಷ್ಟೇ ತೆರೆದು, ಗಂಟೆಗೊಮ್ಮೆ ಲೆಕ್ಕ ಬರೆದಿಡುವುದು ಫ್ಲೋ ಕಂಟ್ರೋಲರಿನ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ಎರಡೇ ವಿಷಯ ಮತ್ತೆ ಮತ್ತೆ ಕಾಣಿಸಿವೆ: ಕಾನ್ಫಿಗರೇಶನ್ ಬ್ಯಾಕಪ್ ಮತ್ತು ಗಡಿಯಾರ. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರಿದರೂ ಬಹಳಷ್ಟು ಯಂತ್ರಗಳಲ್ಲಿ ಇವೆರಡನ್ನೂ ಕಾಯುವುದು ಒಂದೇ ಸಣ್ಣ ಲಿಥಿಯಂ ಸೆಲ್. ಹಾಗಾಗಿ ಎರಡಕ್ಕೂ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಸಿಡಿಲಿನಿಂದ ನಮ್ಮ ಕಂಟ್ರೋಲರಿನ ಇನ್‌ಪುಟ್ ಬೋರ್ಡ್ ಸುಟ್ಟಿತು. ಹೊಸ ಬೋರ್ಡ್ ಹಾಕಿ, ಕಳೆದ ತಿಂಗಳು ತೆಗೆದಿಟ್ಟಿದ್ದ ಬ್ಯಾಕಪ್ ಫೈಲನ್ನು ಮತ್ತೆ ತುಂಬಿದೆವು. ಹೆಚ್ಚು ಹರಿವಿದ್ದಾಗ ಎಲ್ಲ ಸರಿ; ಹರಿವು ಇಳಿದಾಗ ಮಾತ್ರ ಲೆಕ್ಕ ವಿಪರೀತ ಜಾಸ್ತಿ ಬರುತ್ತಿದೆ. ಮೀಟರ್ ಆರಿಫೈಸ್ ಪ್ಲೇಟಿನದು (ಪೈಪಿಗೆ ಅಡ್ಡ ಕೂರಿಸಿದ ರಂಧ್ರವಿರುವ ತಟ್ಟೆ; ಅದರ ಎರಡು ಬದಿಯ ಒತ್ತಡ ವ್ಯತ್ಯಾಸದಿಂದ ಹರಿವಿನ ಲೆಕ್ಕ). ಫೈಲ್ ಕೆಟ್ಟಿದೆಯೇ? — ಇನ್‌ಸ್ಟ್ರುಮೆಂಟ್ ತಂತ್ರಜ್ಞ

ಉತ್ತರ: ಫೈಲ್ ಕೆಟ್ಟಿಲ್ಲ. ಬೋರ್ಡಿನ ಕ್ಯಾಲಿಬ್ರೇಶನ್ ಆ ಫೈಲಿನಲ್ಲಿ ಇರಲೇ ಇಲ್ಲ, ಅಷ್ಟೆ. ಕಂಟ್ರೋಲರಿನೊಳಗೆ ಮೂರು ಬಗೆಯ ಮಾಹಿತಿ ಇರುತ್ತದೆ. ಮೊದಲನೆಯದು ಕಾನ್ಫಿಗರೇಶನ್: ಪ್ಲೇಟಿನ ರಂಧ್ರದ ವ್ಯಾಸ, ಪೈಪಿನ ಒಳವ್ಯಾಸ, ಕೆ-ಫ್ಯಾಕ್ಟರ್ (ಪಲ್ಸ್ ಮೀಟರಿನಲ್ಲಿ ಲೀಟರಿಗೆ ಎಷ್ಟು ಪಲ್ಸ್ ಎಂಬ ಅಂಕಿ), ಟ್ರಾನ್ಸ್‌ಮಿಟರಿನ (ಅಳತೆಯನ್ನು ಕರೆಂಟಾಗಿ ಕಳಿಸುವ ಉಪಕರಣದ) ರೇಂಜ್, ಅನಿಲದ ಘಟಕಾಂಶಗಳು, ಅಲಾರಂ ಮಿತಿ, ವಾಲ್ವ್ ಹೇಗೆ ಸ್ಪಂದಿಸಬೇಕೆಂದು ಹೇಳುವ ಪಿಐಡಿ ಅಂಕಿಗಳು. ಎರಡನೆಯದು ಕ್ಯಾಲಿಬ್ರೇಶನ್: ಆ ನಿರ್ದಿಷ್ಟ ಬೋರ್ಡಿನ ಎಲೆಕ್ಟ್ರಾನಿಕ್ಸ್ ಎಷ್ಟು ಆಚೀಚೆ ಓದುತ್ತದೆ ಎಂಬುದನ್ನು ತಿದ್ದುವ ಅಂಕಿಗಳು. ಮೂರನೆಯದು ಚರಿತ್ರೆ: ಟೋಟಲೈಸರ್ (ಇದುವರೆಗೆ ಹರಿದ ಒಟ್ಟು ಮೊತ್ತ), ಗಂಟೆವಾರು ಮತ್ತು ದಿನವಾರು ದಾಖಲೆ, ಅಲಾರಂ ಹಾಗೂ ಈವೆಂಟ್ ಲಾಗ್. ‘ಬ್ಯಾಕಪ್’ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಬರುತ್ತದೆ. ಎರಡನೆಯದು ಬೋರ್ಡಿನ ಮೆಮೊರಿಯಲ್ಲೇ ಕೂತಿರುತ್ತದೆ. ಬೋರ್ಡ್ ಸುಟ್ಟರೆ ಅದೂ ಹೋಯಿತು. ಕೆಲವು ಯಂತ್ರಗಳಲ್ಲಿ ಅದು ಫೈಲಿಗೂ ಬಂದಿರುತ್ತದೆ. ಅದು ಇನ್ನೂ ಅಪಾಯ, ಏಕೆಂದರೆ ಹಳೆಯ ಬೋರ್ಡಿನ ತಿದ್ದುಪಡಿ ಹೊಸ ಬೋರ್ಡಿನ ಮೇಲೆ ಹೋಗಿ ಕೂರುತ್ತದೆ.

ಕಡಿಮೆ ಹರಿವಿನಲ್ಲೇ ತಪ್ಪು ಏಕೆ ಉಬ್ಬುತ್ತದೆ ಎಂಬುದಕ್ಕೆ ಲೆಕ್ಕ ನೋಡಿ. ಟ್ರಾನ್ಸ್‌ಮಿಟರ್ ಸೊನ್ನೆಗೆ 4, ಪೂರ್ಣ ಅಳತೆಗೆ 20 ಮಿಲಿಆಂಪ್ ಕಳಿಸುತ್ತದೆ. ಹೊಸ ಬೋರ್ಡ್ 4.00 ಮಿಲಿಆಂಪನ್ನು 4.08 ಎಂದು ಓದುತ್ತಿದೆ ಎನ್ನೋಣ. 16 ಮಿಲಿಆಂಪಿನ ವ್ಯಾಪ್ತಿಯಲ್ಲಿ 0.08 ಎಂದರೆ ಅರ್ಧ ಶೇಕಡಾ, ಕೇಳಲು ಸಣ್ಣದು. ಆದರೆ ಆರಿಫೈಸಿನಲ್ಲಿ ಹರಿವು ಬದಲಾಗುವುದು ಒತ್ತಡ ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ. ಹರಿವು ಪೂರ್ಣ ಪ್ರಮಾಣದ 10 ಶೇಕಡಾ ಇದ್ದಾಗ ಒತ್ತಡ ವ್ಯತ್ಯಾಸ 1 ಶೇಕಡಾ ಮಾತ್ರ. ಅದಕ್ಕೆ ಅರ್ಧ ಸೇರಿ 1.5 ಆದರೆ ಹರಿವು 12.2 ಶೇಕಡಾ ಎಂದು ತೋರುತ್ತದೆ, ಅಂದರೆ ಇರುವುದಕ್ಕಿಂತ 22 ಶೇಕಡಾ ಹೆಚ್ಚು. ಪೂರ್ಣ ಹರಿವಿನಲ್ಲಿ ಅದೇ ತಪ್ಪು ಕಾಲು ಶೇಕಡಾಕ್ಕೆ ಇಳಿಯುತ್ತದೆ. ನಿಮ್ಮ ಲಕ್ಷಣ ಇದಕ್ಕೆ ಹೊಂದುತ್ತದೆ.

ಸರಿಪಡಿಸಲು ವಾಲ್ವನ್ನು ಮ್ಯಾನುವಲ್‌ಗೆ ತನ್ನಿ, ಕಂಟ್ರೋಲರಿನಲ್ಲಿ ಆ ಇನ್‌ಪುಟ್ಟನ್ನು ನಿರ್ವಹಣೆ ಸ್ಥಿತಿಗೆ ಹಾಕಿ, ಟ್ರಾನ್ಸ್‌ಮಿಟರ್ ವೈರ್ ಬಿಚ್ಚಿ ಕರೆಂಟ್ ಕ್ಯಾಲಿಬ್ರೇಟರಿನಿಂದ 4, 8, 12, 16, 20 ಮಿಲಿಆಂಪ್ ಕೊಡಿ. ಪರದೆಯಲ್ಲಿ 0, 25, 50, 75, 100 ಶೇಕಡಾ ಬರಬೇಕು. ಬರದಿದ್ದರೆ ಮೊದಲು ಸೊನ್ನೆ (4 ಮಿಲಿಆಂಪಿನ ಓದು), ಆಮೇಲೆ ಸ್ಪ್ಯಾನ್ (20 ಮಿಲಿಆಂಪಿನ ಓದು) ಟ್ರಿಮ್ ಮಾಡಿ, ಐದೂ ಬಿಂದುಗಳನ್ನು ಏರುವಾಗೊಮ್ಮೆ ಇಳಿಯುವಾಗೊಮ್ಮೆ ಮತ್ತೆ ನೋಡಿ. ತಿದ್ದುವ ಮುಂಚಿನ ಅಂಕಿಗಳನ್ನೂ ಬರೆದಿಡಿ. ಬೋರ್ಡ್ ಬದಲಿಸಿದ ದಿನದಿಂದ ಇಂದಿನವರೆಗಿನ ಲೆಕ್ಕವನ್ನು ಸರಿಪಡಿಸಲು ನಿಮಗೆ ಇರುವ ಒಂದೇ ಆಧಾರ ಆ ಅಂಕಿಗಳು.

ಪ್ರಶ್ನೆ: ಸಾಫ್ಟ್‌ವೇರಿನಲ್ಲಿ ‘ಅಪ್‌ಲೋಡ್’, ‘ಡೌನ್‌ಲೋಡ್’ ಎರಡು ಗುಂಡಿಗಳಿವೆ. ಬ್ಯಾಕಪ್ ತೆಗೆಯಲು ಯಾವುದು? — ಹೊಸದಾಗಿ ಕೆಲಸಕ್ಕೆ ಸೇರಿದವರು

ಉತ್ತರ: ಕೇಳಿದ್ದು ಬಹಳ ಒಳ್ಳೆಯದಾಯಿತು. ಫೋನಿನಲ್ಲಿ ಡೌನ್‌ಲೋಡ್ ಎಂದರೆ ನಮ್ಮ ಕಡೆಗೆ ತರುವುದು. ಕಂಟ್ರೋಲರುಗಳ ಲೋಕದಲ್ಲಿ ಹೆಚ್ಚಿನ ಸಾಫ್ಟ್‌ವೇರುಗಳು ಅದೇ ಪದವನ್ನು ಲ್ಯಾಪ್‌ಟಾಪಿನಿಂದ ಯಂತ್ರದೊಳಕ್ಕೆ ಕಳಿಸುವುದಕ್ಕೆ ಬಳಸುತ್ತವೆ; ಕೆಲವು ಇದನ್ನು ತಿರುಗಿಸಿಯೂ ಬಳಸುತ್ತವೆ. ಬ್ಯಾಕಪ್ ತೆಗೆಯಲು ಹೋಗಿ ಹಳೆಯ ಫೈಲನ್ನು ಓಡುತ್ತಿರುವ ಯಂತ್ರಕ್ಕೆ ಸುರಿಯುವ ಅಪಘಾತ ಆಗುವುದು ಇಲ್ಲಿಯೇ. ಗುಂಡಿಯ ಹೆಸರನ್ನು ನಂಬಬೇಡಿ, ಬಾಣದ ದಿಕ್ಕನ್ನೂ ‘ಡಿವೈಸಿನಿಂದ’ ಅಥವಾ ‘ಡಿವೈಸಿಗೆ’ ಎಂಬ ಮಾತನ್ನೂ ಓದಿ. ಬ್ಯಾಕಪ್ಪಿಗೆ ಹೋಗುವಾಗ ಬದಲಾವಣೆಯ ಅಧಿಕಾರವಿಲ್ಲದ, ಓದಲು ಮಾತ್ರ ಬರುವ ಯೂಸರ್ ಹೆಸರಿನಲ್ಲಿ ಲಾಗಿನ್ ಆಗಿ. ಆಗ ತಪ್ಪು ಗುಂಡಿ ಒತ್ತಿದರೂ ಯಂತ್ರ ಒಪ್ಪುವುದಿಲ್ಲ.

ಇನ್ನೊಂದು ಬಲೆ ಇದೆ. ಕೇಬಲ್ ಜೋಡಿಸಿದ ಕೂಡಲೇ ‘ಯಂತ್ರದ ಸಮಯವೂ ಲ್ಯಾಪ್‌ಟಾಪಿನ ಸಮಯವೂ ಬೇರೆ ಇವೆ, ಹೊಂದಿಸಲೇ?’ ಎಂದು ಕೇಳುವ ಸಾಫ್ಟ್‌ವೇರುಗಳಿವೆ. ಓದದೆ ‘ಸರಿ’ ಎಂದರೆ ಲ್ಯಾಪ್‌ಟಾಪಿನ ತಪ್ಪು ಸಮಯ ಯಂತ್ರಕ್ಕೆ ಅಂಟುತ್ತದೆ. ಅಲ್ಲಿ ಸದಾ ‘ಬೇಡ’ ಎನ್ನಿ. ಸಮಯ ತಿದ್ದುವುದು ಬೇರೆಯೇ ಕೆಲಸ, ಅದರ ಕ್ರಮ ಮುಂದೆ ಹೇಳಿದ್ದೇವೆ.

ಪ್ರಶ್ನೆ: ಎರಡು ದಿನ ವಿದ್ಯುತ್ ಇರಲಿಲ್ಲ. ಬಂದ ಮೇಲೆ ಕಂಟ್ರೋಲರ್ 1970ರ ಜನವರಿ 1 ಎಂದು ತೋರಿಸಿತು. ದಿನಾಂಕ ಸರಿಮಾಡಿದೆವು. ವಾರದ ನಂತರ ನೋಡಿದರೆ ಟರ್ಬೈನ್ ಮೀಟರಿನ ಕೆ-ಫ್ಯಾಕ್ಟರ್ ಹಿಂದಿನ ಮೀಟರಿನದು! ನಾವು ಹೊಸದನ್ನು ಹಾಕಿ ವರ್ಷವೇ ಆಗಿತ್ತು. — ನಿರ್ವಹಣಾ ಇಂಜಿನಿಯರ್

ಉತ್ತರ: ಎರಡೂ ಒಂದೇ ಕಾರಣದ ಫಲ. ನೀವು ಪರದೆಯಲ್ಲಿ ಬದಲಿಸಿದ ಅಂಕಿ ಮೊದಲು ಹೋಗಿ ಕೂರುವುದು ರ‍್ಯಾಮಿನಲ್ಲಿ. ವಿದ್ಯುತ್ ಇಲ್ಲದಾಗ ಅದನ್ನು ಉಳಿಸುವುದು ಸೆಲ್. ಶಾಶ್ವತ ಪ್ರತಿ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ಬಹಳ ಯಂತ್ರಗಳಲ್ಲಿ ‘ಫ್ಲ್ಯಾಶಿಗೆ ಉಳಿಸು’ ಎಂದು ಬೇರೆಯಾಗಿ ಆಜ್ಞೆ ಕೊಟ್ಟರೆ ಮಾತ್ರ ಅಲ್ಲಿಗೆ ಹೋಗುತ್ತದೆ. ವರ್ಷದ ಹಿಂದೆ ಕೆ-ಫ್ಯಾಕ್ಟರ್ ಬದಲಿಸಿದವರು ಆ ಆಜ್ಞೆ ಕೊಟ್ಟಿರಲಿಲ್ಲ. ಸೆಲ್ ಸತ್ತಿತ್ತು, ರ‍್ಯಾಮ್ ಅಳಿಸಿಹೋಯಿತು, ಗಡಿಯಾರವೂ ನಿಂತಿತು. ವಿದ್ಯುತ್ ಬಂದಾಗ ಯಂತ್ರ ಕೋಲ್ಡ್ ಸ್ಟಾರ್ಟ್ ಆಗಿ, ಅಂದರೆ ಹಿಂದಿನ ನೆನಪಿಲ್ಲದೆ ಶುರುವಾಗಿ, ಫ್ಲ್ಯಾಶಿನ ಹಳೆಯ ಪ್ರತಿಯನ್ನು ತಂದು ತುಂಬಿಕೊಂಡಿತು. ಗಡಿಯಾರ ಮೊದಲ ದಿನಾಂಕಕ್ಕೆ ಹೋಗಿರುವುದನ್ನು ಕಂಡ ಕ್ಷಣವೇ ಕಾನ್ಫಿಗರೇಶನ್ ಇಡಿಯಾಗಿ ಅನುಮಾನಕ್ಕೆ ಒಳಗಾಗಬೇಕು. ದಿನಾಂಕ ತಿದ್ದಿ ಎದ್ದು ಹೋಗಬಾರದು. ಯಂತ್ರದಿಂದ ಹೊಸದಾಗಿ ಫೈಲ್ ಓದಿ, ಹಿಂದಿನ ಬ್ಯಾಕಪ್ಪಿನೊಂದಿಗೆ ಸಾಲು ಸಾಲಾಗಿ ಹೋಲಿಸಬೇಕು.

ಇಲ್ಲಿಂದ ಮುಂದೆ ಯಾವ ಬದಲಾವಣೆ ಮಾಡಿದರೂ ನಾಲ್ಕು ಹೆಜ್ಜೆ ಒಟ್ಟಿಗೇ ಇರಲಿ: ಮುಂಚಿನ ಬ್ಯಾಕಪ್, ಬದಲಾವಣೆ, ಫ್ಲ್ಯಾಶಿಗೆ ಉಳಿಕೆ, ನಂತರದ ಬ್ಯಾಕಪ್.

ಸೆಲ್ಲಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಾಣ್ಯದಾಕಾರದ ಸಿಆರ್2032 ಸೆಲ್ 3 ವೋಲ್ಟಿನದು, ಸಾಮರ್ಥ್ಯ ಸುಮಾರು 225 ಮಿಲಿಆಂಪ್-ಗಂಟೆ. ಗಡಿಯಾರದ ಚಿಪ್ ಮಾತ್ರ 3 ಮೈಕ್ರೋಆಂಪ್ ಎಳೆದರೆ ಲೆಕ್ಕಕ್ಕೆ ಎಂಟು ವರ್ಷ ದಾಟುತ್ತದೆ. ರ‍್ಯಾಮ್ ಸೇರಿ 20 ಮೈಕ್ರೋಆಂಪ್ ಆದರೆ ಹದಿನೈದು ತಿಂಗಳಷ್ಟೇ. ಇದು ಹೊರಗಿನ ವಿದ್ಯುತ್ ಇಲ್ಲದ ಹೊತ್ತಿನ ಲೆಕ್ಕ. ಅಂದರೆ ಸದಾ ವಿದ್ಯುತ್ ಇರುವ ಯಂತ್ರದಲ್ಲಿ ಸೆಲ್ ವರ್ಷಗಟ್ಟಲೆ ಬಾಳುತ್ತದೆ, ಉಗ್ರಾಣದ ಕಪಾಟಿನಲ್ಲಿ ಸ್ಪೇರ್ ಎಂದು ಇಟ್ಟ ಯಂತ್ರದಲ್ಲೇ ಬೇಗ ಖಾಲಿಯಾಗುತ್ತದೆ. ಸ್ಪೇರಿನ ಸೆಲ್ ತೆಗೆದಿಡಿ, ಇಲ್ಲವೇ ಅದರ ಜಂಪರನ್ನು ‘ಆಫ್’ ಸ್ಥಾನಕ್ಕೆ ಹಾಕಿ.

ಕೆಲವು ಯಂತ್ರಗಳಲ್ಲಿ 3.6 ವೋಲ್ಟಿನ ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್ ಇರುತ್ತದೆ. ಅದರ ವೋಲ್ಟೇಜ್ ಕೊನೆಯವರೆಗೂ ಸಮತಟ್ಟಾಗಿದ್ದು ಕೊನೆಗೆ ಒಮ್ಮೆಲೇ ಬೀಳುತ್ತದೆ. ಮಲ್ಟಿಮೀಟರಿನಲ್ಲಿ 3.6 ತೋರಿಸಿತು ಎಂದು ಸೆಲ್ ಚೆನ್ನಾಗಿದೆ ಎನ್ನಲಾಗದು. ತಯಾರಕರು ಹೇಳಿದ ಅವಧಿಗೆ ಬದಲಿಸುವುದೇ ದಾರಿ. ಎರಡು ಬಗೆಯ ಸೆಲ್ಲುಗಳನ್ನು ಅದಲುಬದಲು ಮಾಡಬೇಡಿ, ಅದೇ ಗಾತ್ರದ ರೀಚಾರ್ಜ್ ಸೆಲ್ಲನ್ನೂ ಹಾಕಬೇಡಿ.

ಬದಲಿಸುವ ಕ್ರಮ ಇದು. ಮೊದಲು ಬ್ಯಾಕಪ್ ಮತ್ತು ಲಾಗ್ ಎರಡನ್ನೂ ತೆಗೆಯಿರಿ. ಟೋಟಲೈಸರ್ ಅಂಕಿಗಳ ಪರದೆಯನ್ನು ಫೋಟೊ ಹಿಡಿದಿಡಿ. ಹೊರಗಿನ ವಿದ್ಯುತ್ ಇರುವಾಗಲೇ ಸೆಲ್ ಬದಲಿಸಬೇಕು. ಆಗ ಹಳೆಯದು ಹೊರಬಂದು ಹೊಸದು ಕೂರುವವರೆಗೆ ರ‍್ಯಾಮನ್ನು ವಿದ್ಯುತ್ತೇ ಹಿಡಿದಿರುತ್ತದೆ. ಆದರೆ ಸ್ಫೋಟಕ ಅನಿಲ ಇರಬಹುದಾದ ಜಾಗದಲ್ಲಿ ವಿದ್ಯುತ್ ಇದ್ದಂತೆ ಪೆಟ್ಟಿಗೆಯ ಮುಚ್ಚಳ ತೆರೆಯುವುದು ಜೀವಕ್ಕೇ ಅಪಾಯ. ಅಲ್ಲಿ ಕೆಲಸದ ಪರವಾನಗಿ, ಅನಿಲ ಪರೀಕ್ಷೆ, ಸುರಕ್ಷತಾ ವಿಭಾಗದ ಒಪ್ಪಿಗೆ ಇಲ್ಲದೆ ಸ್ಕ್ರೂಡ್ರೈವರ್ ಎತ್ತಬೇಡಿ. ಒಪ್ಪಿಗೆ ಸಿಗದಿದ್ದರೆ ವಿದ್ಯುತ್ ತೆಗೆದೇ ಬದಲಿಸಿ, ರ‍್ಯಾಮ್ ಅಳಿಸುತ್ತದೆ ಎಂದು ಒಪ್ಪಿಕೊಂಡು ಬ್ಯಾಕಪ್ಪಿನಿಂದ ಮತ್ತೆ ತುಂಬಿ. ಮಣಿಕಟ್ಟಿಗೆ ಸ್ಥಿರವಿದ್ಯುತ್ ಪಟ್ಟಿ ಇರಲಿ. ಸೆಲ್ಲನ್ನು ಅಂಚಿನಲ್ಲಿ ಹಿಡಿಯಿರಿ, ಎರಡೂ ಮುಖಗಳನ್ನು ಲೋಹದ ಚಿಮಟಿಗೆಯಿಂದ ಒಟ್ಟಿಗೆ ಮುಟ್ಟಬೇಡಿ. ಪ್ಲಸ್ ಮೈನಸ್ ನೋಡಿ ಕೂರಿಸಿ, ಬದಲಿಸಿದ ದಿನಾಂಕವನ್ನು ಮುಚ್ಚಳದ ಒಳಮೈಗೆ ಅಂಟಿಸಿ.

ಪ್ರಶ್ನೆ: ಬಿಸಿಲಿಗೆ ಒಡ್ಡಿಕೊಂಡ ಪ್ಯಾನೆಲಿನಲ್ಲಿರುವ ಕಂಟ್ರೋಲರ್ ಮೂರು ತಿಂಗಳಿಗೆ 4 ನಿಮಿಷ ಹಿಂದೆ ಬೀಳುತ್ತದೆ. ಕಂಟ್ರೋಲ್ ರೂಮಿನಲ್ಲಿರುವ ಅದೇ ಮಾದರಿಯದು ಒಂದು ನಿಮಿಷವೂ ಬೀಳುವುದಿಲ್ಲ. ದೋಷವೇ? — ಆಪರೇಟರ್

ಉತ್ತರ: ದೋಷವಲ್ಲ, ಸೆಕೆ. ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಕಂಪಿಸುವಂತೆ ಕತ್ತರಿಸಿದ್ದು. 25 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದರ ವೇಗ ಗರಿಷ್ಠ. ಅಲ್ಲಿಂದ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ, ಅದೂ ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ. ಪ್ರತಿ ಡಿಗ್ರಿಯ ವರ್ಗಕ್ಕೆ ದಶಲಕ್ಷದಲ್ಲಿ ಸುಮಾರು 0.034 ಭಾಗ. ನಿಮ್ಮ 4 ನಿಮಿಷವನ್ನು 90 ದಿನಕ್ಕೆ ಹಂಚಿದರೆ ದಿನಕ್ಕೆ 2.7 ಸೆಕೆಂಡ್, ಅಂದರೆ ದಶಲಕ್ಷಕ್ಕೆ 31 ಭಾಗ. ಇಷ್ಟು ನಿಧಾನವಾಗಲು ಹರಳು 25ಕ್ಕಿಂತ 30 ಡಿಗ್ರಿ ಮೇಲಿರಬೇಕು, ಅಂದರೆ ಪ್ಯಾನೆಲಿನೊಳಗೆ ಸರಾಸರಿ 55 ಡಿಗ್ರಿ. ಬಿಸಿಲ ಪೆಟ್ಟಿಗೆಗೆ ಅಸಾಧ್ಯವಾದ ಅಂಕಿ ಅಲ್ಲ. ಹರಳಿನದೇ ಆರಂಭಿಕ ತಪ್ಪು ದಶಲಕ್ಷಕ್ಕೆ 20 ಭಾಗದವರೆಗೆ ಇರಬಹುದು. ಅದೊಂದೇ ದಿನಕ್ಕೆ 1.7 ಸೆಕೆಂಡ್, ವರ್ಷಕ್ಕೆ ಹತ್ತೂವರೆ ನಿಮಿಷ ತರುತ್ತದೆ. ಪ್ಯಾನೆಲಿಗೆ ಬಿಸಿಲು ತಡೆಯುವ ಹೊದಿಕೆ ಹಾಕಿದರೆ ಗಡಿಯಾರ ಸುಧಾರಿಸುತ್ತದೆ, ಸೆಲ್ಲಿನ ಆಯುಸ್ಸೂ ಹೆಚ್ಚುತ್ತದೆ. ಬಿಸಿಯಲ್ಲಿ ಗಡಿಯಾರ ಮುಂದೆ ಓಡುತ್ತಿದ್ದರೆ ಕಾರಣ ಸೆಕೆಯಲ್ಲ. ಹರಳಿನ ಆರಂಭಿಕ ತಪ್ಪನ್ನೋ ಅದರ ಪಕ್ಕದ ಕೆಪಾಸಿಟರನ್ನೋ ಅನುಮಾನಿಸಿ.

ಪ್ರಶ್ನೆ: ಹಾಗಾದರೆ ಹಿಂದೆ ಬಿದ್ದ 4 ನಿಮಿಷವನ್ನು ತಿದ್ದುವುದು ಹೇಗೆ? ಹಿಂದೊಮ್ಮೆ ತಿದ್ದಿದಾಗ ಒಂದು ಗಂಟೆಯ ದಾಖಲೆ ಎರಡು ಸಲ ಬಂತು, ಲೆಕ್ಕ ಪರಿಶೋಧಕರು ಪ್ರಶ್ನಿಸಿದರು. — ಅದೇ ಆಪರೇಟರ್

ಉತ್ತರ: ಯಂತ್ರ ಗಂಟೆ ತುಂಬಿದ ಕ್ಷಣದಲ್ಲಿ ಆ ಗಂಟೆಯ ಮೊತ್ತವನ್ನು ಮುಚ್ಚಿ ದಾಖಲೆಗೆ ಬರೆಯುತ್ತದೆ. ಗಡಿಯಾರವನ್ನು ಗಂಟೆಯ ಗಡಿ ದಾಟಿಸಿ ಹಿಂದಕ್ಕೆ ತಂದರೆ ಅದೇ ಗಡಿಯನ್ನು ಯಂತ್ರ ಎರಡನೆಯ ಸಲ ದಾಟುತ್ತದೆ. ಉದಾಹರಣೆಗೆ, ಮುಂದೆ ಓಡುತ್ತಿರುವ ಯಂತ್ರ 10:02 ತೋರಿಸುವಾಗ ಅದನ್ನು 9:58ಕ್ಕೆ ಇಟ್ಟಿರಿ ಎನ್ನಿ. ಒಂಬತ್ತರಿಂದ ಹತ್ತರವರೆಗಿನ ದಾಖಲೆ ಆಗಲೇ ಮುಚ್ಚಿದೆ; ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಮುಚ್ಚುತ್ತದೆ. ಯಂತ್ರದ ಸ್ವಭಾವ ನೋಡಿ ಒಂದೇ ಹೆಸರಿನ ಎರಡು ದಾಖಲೆ ಬರುತ್ತವೆ, ಇಲ್ಲವೇ ಎರಡನೆಯದು ಮೊದಲನೆಯದನ್ನು ಅಳಿಸಿ ನಾಲ್ಕೇ ನಿಮಿಷದ ಮೊತ್ತ ಉಳಿಯುತ್ತದೆ. ಎರಡನೆಯದೇ ಕೆಟ್ಟದ್ದು, ಕಣ್ಣಿಗೆ ಬೀಳುವುದಿಲ್ಲ. ಮುಂದಕ್ಕೆ ತಳ್ಳಿದಾಗ ಇದರ ವಿರುದ್ಧ: 9:58ರಿಂದ 11:01ಕ್ಕೆ ಹಾರಿಸಿದರೆ ನಡುವಿನ ಗಂಟೆಯೊಂದು ದಾಖಲೆಯಲ್ಲೇ ಇರುವುದಿಲ್ಲ.

ಆದ್ದರಿಂದ ಒಂದೇ ನಿಯಮ: ತಿದ್ದುವ ಮುಂಚಿನ ಸಮಯ, ತಿದ್ದಿದ ನಂತರದ ಸಮಯ, ನಿಜವಾದ ಸಮಯ, ಮೂರೂ ಒಂದೇ ಗಂಟೆಯೊಳಗೆ ಇರಬೇಕು. ಗಂಟೆಯ ಮೊದಲ ಹತ್ತು ನಿಮಿಷ, ಕೊನೆಯ ಹತ್ತು ನಿಮಿಷ ಮುಟ್ಟಲೇಬೇಡಿ. ನಿಮ್ಮ ಯಂತ್ರ 10:20 ತೋರಿಸುವಾಗ 10:24ಕ್ಕೆ ಇಡಿ. ಆ ಗಂಟೆಯ ದಾಖಲೆಯಲ್ಲಿ 56 ನಿಮಿಷದ ಹರಿವಷ್ಟೇ ಇರುತ್ತದೆ. ಹರಿದ ಪ್ರಮಾಣ ಎಲ್ಲಿಯೂ ಕಳೆದಿಲ್ಲ. ಹಿಂದಿನ ಗಂಟೆಗಳೆಲ್ಲ ನಿಜಕ್ಕಿಂತ ನಾಲ್ಕು ನಿಮಿಷ ತಡವಾಗಿ ಮುಚ್ಚುತ್ತಿದ್ದವು, ಆ ಬಾಕಿ ಈಗ ಚುಕ್ತಾ ಆಯಿತು. ಒಪ್ಪಂದದ ಪ್ರಕಾರ ಲೆಕ್ಕದ ದಿನ ಎಷ್ಟು ಗಂಟೆಗೆ ಮುಗಿಯುತ್ತದೋ ಆ ಗಂಟೆಯ ಹತ್ತಿರವೂ ಬೇಡ. ಟ್ಯಾಂಕರ್ ತುಂಬುವ ಬ್ಯಾಚ್ ನಡೆಯುತ್ತಿದ್ದರೆ ಅದು ಮುಗಿಯಲಿ.

ಕೈಯಲ್ಲಿ ತಿದ್ದುವ ಮೊದಲು ಗಂಟೆವಾರು ಲಾಗನ್ನು ಯಂತ್ರದಿಂದ ಓದಿಟ್ಟುಕೊಳ್ಳಿ. ನಿಜವಾದ ಸಮಯವನ್ನು ಕೈಗಡಿಯಾರದಿಂದ ತೆಗೆದುಕೊಳ್ಳದೆ ಕೇಂದ್ರ ಟೈಮ್ ಸರ್ವರಿನಿಂದ ನೋಡಿ. ತಿದ್ದಿದ ಮೇಲೆ ಈವೆಂಟ್ ಲಾಗಿನಲ್ಲಿ ಹಳೆಯ ಸಮಯ, ಹೊಸ ಸಮಯ, ಯೂಸರ್ ಹೆಸರು ಮೂರೂ ಬಿದ್ದಿವೆಯೇ ಪರೀಕ್ಷಿಸಿ. ಮುಂದಿನ ಗಂಟೆ ತುಂಬುವವರೆಗೆ ಅಲ್ಲೇ ಇದ್ದು ಒಂದೇ ದಾಖಲೆ ಬಂದದ್ದನ್ನು ಕಣ್ಣಾರೆ ಕಂಡು ಹೊರಡಿ. ಅನಿಲ ಅಳತೆಗೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಮಾನದಂಡದ 21.1ನೆಯ ವಿಭಾಗ ಕೇಳುವ ಆಡಿಟ್ ಟ್ರೇಲಿಗೆ ಈ ಈವೆಂಟ್ ಲಾಗೇ ಆಧಾರ. ಪರಿಶೋಧಕರ ಮುಂದೆ ಇಡಬೇಕಾದ ಕಾಗದವೂ ಅದೇ.

ತಿಂಗಳುಗಟ್ಟಲೆ ಬಿಟ್ಟು 4 ನಿಮಿಷ ತಿದ್ದುವುದಕ್ಕಿಂತ ವಾರಕ್ಕೊಮ್ಮೆ ಇಪ್ಪತ್ತು ಸೆಕೆಂಡ್ ತಿದ್ದುವುದು ಎಷ್ಟೋ ಮೇಲು.

ಪ್ರಶ್ನೆ: ನೆಟ್‌ವರ್ಕಿಗೆ ಸೇರಿಸಿದ ಮೇಲೆ ಗಡಿಯಾರ ದಿನದಲ್ಲಿ ಹಲವು ಸಲ 18 ಸೆಕೆಂಡ್ ಮುಂದೆ, ಮತ್ತೆ 18 ಸೆಕೆಂಡ್ ಹಿಂದೆ ಜಿಗಿಯುತ್ತಿದೆ. ಈವೆಂಟ್ ಲಾಗ್ ಇದರಿಂದಲೇ ತುಂಬಿಹೋಗಿದೆ. — ಸ್ಕಾಡಾ (ಸ್ಥಾವರವನ್ನು ದೂರದಿಂದ ನೋಡಿ ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಇಂಜಿನಿಯರ್

ಉತ್ತರ: ತಪ್ಪು ಎಷ್ಟು ದೊಡ್ಡದು ಎಂಬುದೇ ಅದರ ಮೂಲವನ್ನು ಹೇಳುತ್ತದೆ. 18 ಸೆಕೆಂಡ್ ಎಂದರೆ ಜಿಪಿಎಸ್ ಸಮಯಕ್ಕೂ ಯುಟಿಸಿಗೂ (ಜಗತ್ತಿನ ಗಡಿಯಾರಗಳಿಗೆ ಆಧಾರವಾದ ಪ್ರಮಾಣ ಸಮಯ) 2017ರ ಜನವರಿ 1ರಿಂದ ಇರುವ ಅಂತರ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಆಗೊಮ್ಮೆ ಈಗೊಮ್ಮೆ ಸೇರಿಸುವ ಲೀಪ್ ಸೆಕೆಂಡುಗಳನ್ನು ಜಿಪಿಎಸ್ ಸೇರಿಸಿಕೊಳ್ಳುವುದಿಲ್ಲ, ಯುಟಿಸಿ ಸೇರಿಸಿಕೊಳ್ಳುತ್ತದೆ. ನಿಮ್ಮ ಯಂತ್ರಕ್ಕೆ ಇಬ್ಬರು ಯಜಮಾನರಿದ್ದಾರೆ. ಒಬ್ಬರು ಎನ್‌ಟಿಪಿಯಿಂದ (ನೆಟ್‌ವರ್ಕಿನ ಮೂಲಕ ಸಮಯ ಹೊಂದಿಸುವ ವಿಧಾನ) ಯುಟಿಸಿ ಕೊಡುತ್ತಿದ್ದಾರೆ, ಇನ್ನೊಬ್ಬರು, ಅಂದರೆ ಸ್ಕಾಡಾ, ಜಿಪಿಎಸ್ ಸಮಯವನ್ನು ತಿದ್ದದೆ ಮಾಡ್‌ಬಸ್ (ಯಂತ್ರಗಳು ಮಾಹಿತಿ ಹಂಚಿಕೊಳ್ಳುವ ಭಾಷೆ) ರಿಜಿಸ್ಟರಿಗೆ ಬರೆಯುತ್ತಿದ್ದಾರೆ. ಒಬ್ಬರನ್ನು ನಿಲ್ಲಿಸಿ. ಎನ್‌ಟಿಪಿ ಬೆಂಬಲವಿರುವ ಯಂತ್ರಕ್ಕೆ ಎನ್‌ಟಿಪಿಯೇ ಇರಲಿ. ಸ್ಕಾಡಾದ ಸಮಯ ಬರೆಯುವ ಆಜ್ಞೆಯನ್ನು ತೆಗೆದುಹಾಕಿ. ಫೈರ್‌ವಾಲಿನಲ್ಲಿ ಯುಡಿಪಿ 123ನೆಯ ಪೋರ್ಟ್ ತೆರೆದಿರಬೇಕು. ಟೈಮ್ ಸರ್ವರ್ ಸ್ಥಾವರದ ಒಳಗಿನ ನೆಟ್‌ವರ್ಕಿನಲ್ಲೇ ಇರಲಿ, ಕಂಟ್ರೋಲರನ್ನು ನೇರವಾಗಿ ಇಂಟರ್‌ನೆಟ್ಟಿಗೆ ಬಿಡಬೇಡಿ.

ಬೇರೆ ಅಳತೆಯ ತಪ್ಪುಗಳನ್ನೂ ಹೀಗೆಯೇ ಓದಬಹುದು. ಸರಿಯಾಗಿ ಒಂದು ಗಂಟೆಯ ತಪ್ಪು ಬೇಸಿಗೆ ಸಮಯದ (ಕೆಲವು ದೇಶಗಳಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಸೆಟ್ಟಿಂಗಿನದು. ಸರಿಯಾಗಿ ಅರ್ಧ ಗಂಟೆ ತಪ್ಪಿದ್ದರೆ, ಅರ್ಧ ಗಂಟೆಯ ಸಮಯ ವಲಯದಲ್ಲಿರುವ ಸ್ಥಾವರಕ್ಕೆ ಪೂರ್ಣ ಗಂಟೆಯ ವಲಯ ಮಾತ್ರ ಒಪ್ಪುವ ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ಸಾಫ್ಟ್‌ವೇರ್) ಸಿಕ್ಕಿದೆ ಎಂದರ್ಥ. ವಲಯದ ಅಂತರದಷ್ಟೇ ತಪ್ಪಿದ್ದರೆ ಯುಟಿಸಿಯನ್ನು ಸ್ಥಳೀಯ ಸಮಯವೆಂದು ಭಾವಿಸಲಾಗಿದೆ, ಇಲ್ಲವೇ ವಲಯವನ್ನು ಎರಡು ಸಲ ಸೇರಿಸಲಾಗಿದೆ. ದಿನಾಂಕ 1024 ವಾರ, ಅಂದರೆ ಹತ್ತೊಂಬತ್ತೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚು ಹಿಂದೆ ಹೋಗಿದ್ದರೆ ಜಿಪಿಎಸ್ ರಿಸೀವರಿನ ವಾರದ ಎಣಿಕೆ ತಿರುಗಿ ಸೊನ್ನೆಗೆ ಬಂದಿದೆ. 1999ರ ಆಗಸ್ಟಿನಲ್ಲೂ 2019ರ ಏಪ್ರಿಲ್‌ನಲ್ಲೂ ಅದು ಆಯಿತು, ಮುಂದಿನದು 2038ರ ನವೆಂಬರಿನಲ್ಲಿ.

ಯಂತ್ರದೊಳಗೆ ವರ್ಷವಿಡೀ ಬದಲಾಗದ ಒಂದೇ ಸಮಯ ಇರಲಿ, ಬೇಸಿಗೆ ಸಮಯದ ಬದಲಾವಣೆಯನ್ನು ಆಫ್ ಮಾಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಲ್ಲದಿದ್ದರೆ ವರ್ಷಕ್ಕೊಂದು ದಿನ 23 ದಾಖಲೆ, ಇನ್ನೊಂದು ದಿನ 25 ದಾಖಲೆ ಬರುತ್ತವೆ. ಸ್ಥಳೀಯ ಸಮಯಕ್ಕೆ ಬದಲಿಸುವ ಕೆಲಸವನ್ನು ವರದಿ ತಯಾರಿಸುವ ಕಂಪ್ಯೂಟರಿಗೆ ಬಿಡಿ.

ಹಳೆಯ ಫರ್ಮ್‌ವೇರ್ ಇರುವವರು ಎರಡು ದಿನಾಂಕ ಗುರುತಿಟ್ಟುಕೊಳ್ಳಿ. 2036ರ ಫೆಬ್ರುವರಿ 7ರಂದು ಎನ್‌ಟಿಪಿಯ 32 ಬಿಟ್ ಸೆಕೆಂಡ್ ಎಣಿಕೆ ತುಂಬುತ್ತದೆ. 2038ರ ಜನವರಿ 19ರಂದು ಯುಟಿಸಿ 03:14:07ರ ನಂತರ, ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಚಿಹ್ನೆ ಸಮೇತ ಎಣಿಸುವ ಯಂತ್ರಗಳು 1901ಕ್ಕೆ ಹೋಗುತ್ತವೆ. ಸ್ಪೇರ್ ಯಂತ್ರವೊಂದಕ್ಕೆ ಮೇಜಿನ ಮೇಲೆಯೇ ಆ ದಿನಾಂಕ ಕೊಟ್ಟು ನೋಡಿದರೆ ಉತ್ತರ ಇಂದೇ ಸಿಗುತ್ತದೆ. ಓಡುತ್ತಿರುವ ಯಂತ್ರದಲ್ಲಿ ಈ ಪ್ರಯೋಗ ಬೇಡ.

ಪ್ರಶ್ನೆ: ಹೊಸ ಮಾದರಿಯ ಕಂಟ್ರೋಲರಿಗೆ ಹಳೆಯದರ ಫೈಲನ್ನು ಪರಿವರ್ತಿಸಿ ಹಾಕಿದೆವು. ಆಟೋಗೆ ಹಾಕಿದ ಕೂಡಲೇ ವಾಲ್ವ್ ದಡದಡನೆ ತೆರೆದು ಮುಚ್ಚಿಕೊಳ್ಳತೊಡಗಿತು. — ಪ್ರೊಸೆಸ್ ಇಂಜಿನಿಯರ್

ಉತ್ತರ: ಕೂಡಲೇ ಮ್ಯಾನುವಲ್‌ಗೆ ತಂದಿರುತ್ತೀರಿ ಎಂದುಕೊಳ್ಳುತ್ತೇವೆ. ಅಂಕಿ ಸರಿಯಾಗಿ ಬಂದಿದೆ, ಅದರ ಘಟಕ ಬದಲಾಗಿದೆ. ವಾಲ್ವ್ ಎಷ್ಟು ಜೋರಾಗಿ ಸ್ಪಂದಿಸಬೇಕು ಎಂಬುದಕ್ಕೆ ಹಳೆಯ ಯಂತ್ರ ಪ್ರೊಪೋರ್ಶನಲ್ ಬ್ಯಾಂಡನ್ನು ಶೇಕಡಾದಲ್ಲಿ ಕೇಳುತ್ತಿತ್ತು, ಹೊಸದು ಗೇನ್ ಕೇಳುತ್ತದೆ. 40 ಶೇಕಡಾ ಬ್ಯಾಂಡ್ ಎಂದರೆ 2.5 ಗೇನ್, ಏಕೆಂದರೆ ನೂರನ್ನು ಬ್ಯಾಂಡಿನಿಂದ ಭಾಗಿಸಿದರೆ ಗೇನ್. ಪರಿವರ್ತಕ 40ನ್ನು ಹಾಗೇ ಗೇನ್ ಎಂದು ಬರೆದಿದ್ದರೆ ಪ್ರತಿಕ್ರಿಯೆ 16 ಪಟ್ಟು ತೀವ್ರವಾಗುತ್ತದೆ. ಇಂಟಿಗ್ರಲ್ (ಉಳಿದ ತಪ್ಪನ್ನು ಎಷ್ಟು ಬೇಗ ತಿದ್ದಬೇಕು ಎಂಬ ಅಂಕಿ) ಕೂಡ ನೋಡಿ: ಒಂದು ಆವರ್ತನೆಗೆ 0.5 ನಿಮಿಷ, ನಿಮಿಷಕ್ಕೆ 2 ಆವರ್ತನೆ, 30 ಸೆಕೆಂಡ್, ಈ ಮೂರೂ ಒಂದೇ. ಘಟಕ ತಪ್ಪಿ 0.5ನ್ನು ‘ನಿಮಿಷಕ್ಕೆ ಆವರ್ತನೆ’ ಎಂದು ಓದಿದರೆ ಅದು 120 ಸೆಕೆಂಡ್ ಆಗಿ ವಾಲ್ವ್ ಸೋಮಾರಿಯಾಗುತ್ತದೆ. ಡೈರೆಕ್ಟ್, ರಿವರ್ಸ್ ಕ್ರಿಯೆಯನ್ನೂ (ಅಳತೆ ಏರಿದಾಗ ಔಟ್‌ಪುಟ್ ಏರಬೇಕೋ ಇಳಿಯಬೇಕೋ), 4 ಮಿಲಿಆಂಪಿಗೆ ವಾಲ್ವ್ ಮುಚ್ಚಬೇಕೋ ತೆರೆಯಬೇಕೋ ಎಂಬುದನ್ನೂ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಅನಿಲವಾದರೆ ಆಧಾರ ಸ್ಥಿತಿಯನ್ನು, ಅಂದರೆ ಯಾವ ತಾಪ ಮತ್ತು ಒತ್ತಡಕ್ಕೆ ಪ್ರಮಾಣವನ್ನು ಲೆಕ್ಕ ಹಾಕುತ್ತಾರೋ ಅದನ್ನು, ಮರೆಯಬೇಡಿ. ಹಳೆಯದರಲ್ಲಿ ಆಧಾರ ತಾಪ 15 ಡಿಗ್ರಿ ಇದ್ದು ಹೊಸದರ ಮೂಲ ಸೆಟ್ಟಿಂಗ್ 0 ಡಿಗ್ರಿ ಇದ್ದರೆ, ಕೆಲ್ವಿನ್ ಲೆಕ್ಕದ 288.15 ಮತ್ತು 273.15ರ ಅನುಪಾತದಂತೆ ಲೆಕ್ಕ ಐದು ಶೇಕಡಾಕ್ಕೂ ಹೆಚ್ಚು ಬದಲಾಗುತ್ತದೆ. ವಾಲ್ವ್ ದಡದಡ ಎಂದರೆ ಎಲ್ಲರಿಗೂ ಕೇಳಿಸುತ್ತದೆ. ಈ ತಪ್ಪು ಬಿಲ್ ಬರುವವರೆಗೆ ಸುಮ್ಮನಿರುತ್ತದೆ.

ಪ್ರಶ್ನೆ: ಫೈಲಿಗೆ ಹೆಸರು ಹೇಗಿಡಬೇಕು, ಎಲ್ಲಿಡಬೇಕು? ನಮ್ಮಲ್ಲಿ ‘ಫೈನಲ್’, ‘ಹೊಸ ಫೈನಲ್’, ‘ಕೊನೆಯ ಫೈನಲ್’ ಎಂದು ಮೂರಿವೆ. — ಉಗ್ರಾಣ ಮತ್ತು ದಾಖಲೆ ವಿಭಾಗ

ಉತ್ತರ: ಟ್ಯಾಗ್, ಯಂತ್ರದ ಕ್ರಮಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ವರ್ಷದಿಂದ ಶುರುವಾಗುವ ದಿನಾಂಕ ಮತ್ತು ಸಮಯ, ಕೊನೆಗೆ ‘ಮುಂಚೆ’ ಅಥವಾ ‘ನಂತರ’: ಇಷ್ಟು ಹೆಸರಿನಲ್ಲೇ ಇರಲಿ. ಉದಾಹರಣೆಗೆ ‘ಎಫ್‌ಸಿ204-ಕ್ರಮ7731-ಆ3.2-20250314-1020-ಮುಂಚೆ’. ವರ್ಷ ಮೊದಲಿದ್ದರೆ ಫೈಲುಗಳು ತಾವೇ ಕಾಲಕ್ರಮದಲ್ಲಿ ಸಾಲುಗಟ್ಟುತ್ತವೆ. ಲ್ಯಾಪ್‌ಟಾಪ್ ತೋರಿಸುವ ಫೈಲ್ ದಿನಾಂಕವನ್ನು ನಂಬಬೇಡಿ, ನಕಲು ಮಾಡಿದಾಗ ಅದು ಬದಲಾಗಬಹುದು.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಯಂತ್ರದ ಜೊತೆ ಮಾತಾಡುವ ಸಾಫ್ಟ್‌ವೇರಿನ ಇನ್‌ಸ್ಟಾಲರ್, ಯುಎಸ್‌ಬಿ ಸೀರಿಯಲ್ ಕೇಬಲಿನ ಡ್ರೈವರ್, ಲೈಸೆನ್ಸ್, ಆ ದಿನದ ಫರ್ಮ್‌ವೇರ್ ಇವೂ ಅದೇ ಫೋಲ್ಡರಿನಲ್ಲಿರಲಿ. ಹತ್ತು ವರ್ಷದ ನಂತರ ಫೈಲ್ ಸಿಕ್ಕು ಅದನ್ನು ತೆರೆಯುವ ಸಾಫ್ಟ್‌ವೇರ್ ಸಿಗದೆ ಹೋಗುವುದು ಹೆಚ್ಚು ಸಾಮಾನ್ಯ. ಕಾನ್ಫಿಗರೇಶನ್ನನ್ನು ಪ್ರತಿ ಬದಲಾವಣೆಯ ಹಿಂದೆ ಮುಂದೆ ತೆಗೆಯಿರಿ, ಏನೂ ಬದಲಾಗದಿದ್ದರೂ ಮೂರು ತಿಂಗಳಿಗೊಮ್ಮೆ ತೆಗೆದು ಹಿಂದಿನದರೊಂದಿಗೆ ಹೋಲಿಸಿ. ಲಾಗಿನ ಅವಧಿ ಬೇರೆ: 35 ದಿನದ ಗಂಟೆವಾರು ದಾಖಲೆ ಹಿಡಿಯುವ ಯಂತ್ರದಲ್ಲಿ 840 ಸಾಲು ತುಂಬಿದ ಮೇಲೆ ಹಳೆಯದು ಅಳಿಯುತ್ತದೆ, ತಿಂಗಳಿಗೊಮ್ಮೆ ಎಂದಿಟ್ಟರೆ ಕೆಲವೇ ದಿನ ತಡವಾದರೂ ದಾಖಲೆ ಹೋಗುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಎಳೆದುಕೊಳ್ಳಿ. ಫೈಲಿನಲ್ಲಿ ಪಾಸ್‌ವರ್ಡ್, ನೆಟ್‌ವರ್ಕ್ ವಿಳಾಸ ಇರಬಹುದಾದ್ದರಿಂದ ಅದನ್ನು ಫೋನಿನ ಗುಂಪುಗಳಲ್ಲಿ ಹಂಚಬೇಡಿ.

ಪ್ರಶ್ನೆ: ಎಸ್‌ಎಚ್‌ಎ-256 (ಫೈಲಿನ ಬೆರಳಚ್ಚಿನಂಥ ಸಂಕೇತ) ಹೊಂದಿದರೆ ಬ್ಯಾಕಪ್ ಸರಿ ಇದೆ ಎನ್ನಬಹುದೇ? — ಐಟಿ ವಿಭಾಗ

ಉತ್ತರ: ಫೈಲ್ ನಕಲಾಗುವಾಗ ಹಾಳಾಗಿಲ್ಲ ಎಂದಷ್ಟೇ ಹೇಳಬಹುದು. ತೆಗೆದ ದಿನವೇ ಅರ್ಧ ಬಂದಿದ್ದರೆ, ಆ ಅರ್ಧವೂ ಅಚ್ಚುಕಟ್ಟಾಗಿ ಹೊಂದುತ್ತದೆ. ಅದನ್ನು ಸ್ಪೇರ್ ಯಂತ್ರಕ್ಕೆ ತುಂಬಿ, ಮತ್ತೆ ಹೊರಗೆ ಓದಿ, ಎರಡನ್ನೂ ಹೋಲಿಸಿ. ಕ್ರಮಸಂಖ್ಯೆ, ಸಮಯ, ಕ್ಯಾಲಿಬ್ರೇಶನ್ ಬಿಟ್ಟು ಬೇರೇನೂ ಭಿನ್ನವಾಗಿರಬಾರದು. ಆಮೇಲೆ ಯಂತ್ರಕ್ಕೆ ಹುಸಿ ಸಂಕೇತ ಕೊಡಿ. ಪಲ್ಸ್ ಮೀಟರಿನ ಕೆ-ಫ್ಯಾಕ್ಟರ್ ಲೀಟರಿಗೆ 100 ಇದ್ದರೆ 10,000 ಪಲ್ಸ್ ಕೊಟ್ಟಾಗ ತಿದ್ದುಪಡಿಗೆ ಮುಂಚಿನ ಟೋಟಲ್ ಸರಿಯಾಗಿ 100 ಲೀಟರ್ ಏರಬೇಕು. ಆರಿಫೈಸಾದರೆ 12 ಮಿಲಿಆಂಪಿಗೆ ಒತ್ತಡ ವ್ಯತ್ಯಾಸ 50 ಶೇಕಡಾ; ಹರಿವು ಪೂರ್ಣದ 70.7 ಶೇಕಡಾ ಹತ್ತಿರ ಬರಬೇಕು. 50 ಬಂದರೆ ಈ ಯಂತ್ರದಲ್ಲಿ ವರ್ಗಮೂಲ ಆಗುತ್ತಿಲ್ಲ, 84 ಬಂದರೆ ಯಂತ್ರದೊಳಗೇ ಎರಡು ಸಲ ಆಗುವಂತೆ ಸೆಟ್ಟಿಂಗ್ ಇದೆ.

ಪ್ರಶ್ನೆ: ಇಷ್ಟೆಲ್ಲ ಇದ್ದ ಮೇಲೂ ಕಾಗದದ ಪ್ರತಿ ಬೇಕೇ? — ಪಾಳಿ ಮೇಲ್ವಿಚಾರಕರು

ಉತ್ತರ: ಬೇಕು. ಕೆ-ಫ್ಯಾಕ್ಟರ್, ಪ್ಲೇಟ್ ಮತ್ತು ಪೈಪಿನ ವ್ಯಾಸ, ರೇಂಜುಗಳು, ಆಧಾರ ಒತ್ತಡ ಮತ್ತು ತಾಪ, ದಿನ ಮುಗಿಯುವ ಗಂಟೆ, ಮಾಡ್‌ಬಸ್ ವಿಳಾಸ ಮತ್ತು ಬಾಡ್ ರೇಟ್, ಪಿಐಡಿ ಅಂಕಿಗಳು ಘಟಕಗಳ ಸಮೇತ. ಒಂದು ಹಾಳೆಗೆ ಸಾಕು. ಕೆಳಗೆ ದಿನಾಂಕ, ಸಹಿ ಹಾಕಿ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ತೂಗಿಹಾಕಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ. ಬದಲಾವಣೆ ಮಾಡಿದವರು ಹಾಳೆಯನ್ನೂ ಬದಲಿಸುವವರೆಗೆ ಆ ಕೆಲಸದ ಪರವಾನಗಿಯನ್ನು ಮುಚ್ಚಬೇಡಿ.